ಕಾಣೆಯಾದ ಸೊನ್ನೆ

ನಾನು ಮೈಸೂರು ವಿಶ್ವವಿದ್ಯಾನಿಲಯದ ಕ್ಯಾಂಪಸ್ ಮಾನಸಗಂಗೋತ್ರಿಗೆ ಬಂದದ್ದು 1993ರಲ್ಲಿ, ರಸಾಯನಶಾಸ್ತ್ರದ ಎಂಎಸ್ಸಿಗೆ. ಮೊದಲ ಕೆಲವು ತಿಂಗಳು ನನ್ನ ಪಾಲಿಗೆ ಕ್ಯಾಂಪಸ್ ಅಂದರೆ ಹಾಸ್ಟೆಲ್ ರೂಮು, ಲ್ಯಾಬು, ಮೆಸ್ಸು, ಅಷ್ಟೇ. ಸಂಜೆ ಒಬ್ಬನೇ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಕೂತು ಹೆಜ್ಜಾರ್ಲೆಗಳು ನೀರಿಗಿಳಿಯುವುದನ್ನು ನೋಡುತ್ತಿದ್ದೆ. ಪಟಪಟ ಇಂಗ್ಲಿಷ್ ಮಾತಾಡುವವರ ನಡುವೆ ಬಾಯಿ ಬಿಡಲು ಹೆದರಿಕೆ. ಎರಡು ವರ್ಷ ಹೇಗೋ ಕಳೆದರೆ ಸಾಕಪ್ಪ ಅನ್ನಿಸುತ್ತಿತ್ತು.

ನನ್ನನ್ನು ಹೊರಗೆಳೆದದ್ದು ನನ್ನ ಅಕ್ಷರ. ರಜೆಯಲ್ಲಿ ನಮ್ಮೂರಿನ ಪೇಂಟರ್ ಜೊತೆ ಅಂಗಡಿ ಬೋರ್ಡು ಬರೆಯುತ್ತಿದ್ದೆ. ಆ ಅಭ್ಯಾಸದಲ್ಲಿ ಲ್ಯಾಬ್ ರೆಕಾರ್ಡಿನ ಮೇಲೂ ಸುಮ್ನೆ ನನ್ನ ಹೆಸರನ್ನು ಕನ್ನಡದಲ್ಲಿ ದಪ್ಪಗೆ ಬರೆದಿದ್ದೆ. ಸೀನಿಯರ್ ಒಬ್ಬರು ಅದನ್ನು ನೋಡಿ, "ಭಿತ್ತಿಪತ್ರಿಕೆಗೆ ಬರ್ತೀಯೇನೋ?" ಅಂದರು.

"ನಂಗೆ ಕತೆ ಕವನ ಬರಲ್ಲ ಸಾರ್."

"ಕತೆ ಯಾರು ಕೇಳಿದ್ರು ನಿನ್ನ? ಬೇರೆಯವರದ್ದನ್ನ ನೀಟಾಗಿ ಬರೆದುಕೊಡು, ಸಾಕು."

ಹಾಗೆ ಶುರುವಾಯಿತು. ರಾತ್ರಿ ಊಟ ಆದ ಮೇಲೆ ಹಾಸ್ಟೆಲ್ ವರಾಂಡದಲ್ಲಿ ಚಾರ್ಟ್ ಹಾಸುತ್ತಿದ್ದೆವು. ಪೆನ್ಸಿಲ್‌ನಲ್ಲಿ ಗೆರೆ, ಅದರ ಮೇಲೆ ಸ್ಕೆಚ್ ಪೆನ್ನು. ಅಂಟಿಗೆ ಮೆಸ್ಸಿನಿಂದ ಒಂದು ಹಿಡಿ ಮೈದಾ ಕೇಳಿ ತಂದು ಕಾಯಿಸುತ್ತಿದ್ದೆವು. ಭಟ್ಟರು ಪ್ರತಿ ಸಲವೂ ಬೈದೇ ಕೊಡುತ್ತಿದ್ದರು. ಬರೆಯುವುದಕ್ಕಿಂತ ಕಷ್ಟ ಲೇಖನ ವಸೂಲಿ ಮಾಡುವುದು. ಅದಕ್ಕಾಗಿ ಒಂದೊಂದು ವಿಭಾಗದ ಬಾಗಿಲಲ್ಲೂ ಕಾಯಬೇಕು. ಕಾದೂ ಕಾದೂ ಅರ್ಧ ಕ್ಯಾಂಪಸ್ ಪರಿಚಯವಾಯಿತು, ನನ್ನ ಬಾಯಿಯೂ ಬಂತು. ಕೆಟಲಿಸ್ಟ್‌ಗೆ ಕನ್ನಡದಲ್ಲಿ ಏನನ್ನಬೇಕು ಎಂದು ಕನ್ನಡ ಎಂಎ ಹುಡುಗರ ಜೊತೆ ಒಂದು ರಾತ್ರಿಯಿಡೀ ಜಗಳ. ಅವರು ಕ್ರಿಯಾವರ್ಧಕ ಅಂದರು, ನಾವು ವೇಗವರ್ಧಕ ಅಂದೆವು. ಚಾರ್ಟ್ ಬರೆಯುವವನು ನಾನಲ್ವಾ, ನಮ್ಮದೇ ಗೆದ್ದಿತು.

ಎರಡನೇ ವರ್ಷ, 1994ರ ನವೆಂಬರ್ 11, ಶುಕ್ರವಾರ. ಕುವೆಂಪು ಹೋದರು. ಈ ಕ್ಯಾಂಪಸ್‌ಗೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರು ಅವರೇ; 1956ರಿಂದ 60ರವರೆಗೆ ಇಲ್ಲಿ ಕುಲಪತಿಯಾಗಿದ್ದವರು. ಒಂಟಿಕೊಪ್ಪಲಿನ ಅವರ ಮನೆ ಉದಯರವಿ ನಮ್ಮಿಂದ ಏನು ಮಹಾ ದೂರ? ಆದರೂ ಒಂದು ದಿನವೂ ಆ ಕಡೆ ಹೋಗಿರಲಿಲ್ಲ. ಅದು ಈಗಲೂ ಚುಚ್ಚುತ್ತದೆ.

ಸೋಮವಾರಕ್ಕೆ ವಿಶೇಷ ಸಂಚಿಕೆ ಹಾಕಲೇಬೇಕು ಎಂದು ಕೂತೆವು. ಎರಡು ರಾತ್ರಿ ನಿದ್ದೆಯಿಲ್ಲ. ಹುಟ್ಟಿದ್ದು 1904ರ ಡಿಸೆಂಬರ್ 29, ಜ್ಞಾನಪೀಠ ಬಂದದ್ದು 1967ರ ಸಾಲಿಗೆ ಎಂದು ಒಂದೊಂದು ಇಸವಿಯನ್ನೂ ಮೂರು ಮೂರು ಸಲ ತಾಳೆ ನೋಡಿದೆವು. ಕೊನೆಗೆ, ಬೆಳಗಿನ ಜಾವ, ಅಂಗೈ ಅಗಲದ ಅಕ್ಷರಗಳಲ್ಲಿ ಶೀರ್ಷಿಕೆ ಬರೆದೆ. ಬೆಳಿಗ್ಗೆ ತಗುಲಿಹಾಕಿ, ಎಲ್ಲರೂ ಎರಡು ಹೆಜ್ಜೆ ಹಿಂದೆ ನಿಂತು ನೋಡಿ ತಲೆದೂಗಿದೆವು.

ಬೀಗ ತೆಗೆಯಲು ಬಂದ ಅಟೆಂಡರ್ ಹಿಂದಿನಿಂದ ಕೇಳಿದರು: "ಅಲ್ಲ ಸಾರ್, ಕುವೆಪು ಅಂದ್ರೆ ಯಾರು?"

ಸೊನ್ನೆಯೇ ಇಲ್ಲ! ಸಣ್ಣಕ್ಷರವನ್ನೆಲ್ಲ ತಿದ್ದಿದ್ದೆವು, ದೊಡ್ಡದನ್ನು ಯಾರೂ ಓದಿರಲಿಲ್ಲ. ನನ್ನ ಕೈ ನಡುಗತೊಡಗಿತು. ಸ್ಕೆಚ್ ಪೆನ್ನುಗಳೆಲ್ಲ ಹಾಸ್ಟೆಲ್‌ನಲ್ಲಿ. ಒಂಬತ್ತೂವರೆಗೆ ಕ್ಲಾಸು, ಮೇಷ್ಟ್ರುಗಳು ಬರುವ ಹೊತ್ತು. ಆಗ ಜೊತೆಗಿದ್ದ ಒಬ್ಬಳು ಏನೂ ಹೇಳದೆ ಪರ್ಸಿನಿಂದ ಸ್ಟಿಕ್ಕರ್ ಬೊಟ್ಟಿನ ಹಾಳೆ ತೆಗೆದಳು. ದೊಡ್ಡ ಕಪ್ಪು ಬೊಟ್ಟೊಂದನ್ನು ಉಗುರಿನಿಂದ ಎಬ್ಬಿಸಿ, 'ವೆ'ಗೂ 'ಪು'ಗೂ ನಡುವೆ ಒತ್ತಿದಳು. ದೂರದಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಹತ್ತಿರ ಬಂದವರಿಗೆ ಗೊತ್ತಾಗಿರಬೇಕು. ಆದರೆ ಯಾರೂ ಬಾಯಿ ಬಿಡಲಿಲ್ಲ.

ಡಿಸೆಂಬರಿನಲ್ಲಿ ಬೋರ್ಡು ಖಾಲಿ ಮಾಡಿದಾಗ ಅದೇ ಅಟೆಂಡರ್ ಶೀರ್ಷಿಕೆಯ ಪಟ್ಟಿಯನ್ನು ಮಾತ್ರ ಕತ್ತರಿಸಿ ನನ್ನ ಕೈಗಿಟ್ಟರು. "ಇಟ್ಕೊಳಿ ಸಾರ್, ನಿಮ್ದೇ ಕುವೆಪು" ಎಂದು ನಕ್ಕರು.

ಈ ಸಂಚಿಕೆಗೆ ಬರೆಯಲು ಹೇಳಿದಾಗ ಟ್ರಂಕಿನಿಂದ ಅದನ್ನು ತೆಗೆದು ನೋಡಿದೆ. ಚಾರ್ಟ್ ಹಳದಿಯಾಗಿದೆ. ಬೊಟ್ಟು ಯಾವಾಗಲೋ ಉದುರಿದೆ. ಅದರ ಅಂಚಿಗೆ ಹಿಡಿದಿದ್ದ ಧೂಳು ಮಾತ್ರ ಒಂದು ಸಣ್ಣ ಉಂಗುರದ ಹಾಗೆ ಉಳಿದಿದೆ. ಒಳಗೆ ಖಾಲಿ, ಸುತ್ತ ಗೆರೆ. ಸರಿಯಾದ ಸೊನ್ನೆ.