ಮುಹೂರ್ತ ಇಟ್ಟವರು, ಗ್ರಹಣ ಬರೆದಿಟ್ಟವರು

ಆಸ್ಥಾನ ಜ್ಯೋತಿಷಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಯುದ್ಧಕ್ಕೋ ಪಟ್ಟಾಭಿಷೇಕಕ್ಕೋ ಮುಹೂರ್ತ ಇಟ್ಟುಕೊಡುವ ವ್ಯಕ್ತಿ. ಪರ್ಷಿಯಾದ ಸಸಾನಿ ಅರಸರ ಮಟ್ಟಿಗೆ ಈ ಚಿತ್ರ ಬಹುಪಾಲು ಸರಿ. ಹಳೆಯ ಚೀನಾದ ಮಟ್ಟಿಗೆ ಅಲ್ಲ. ಎರಡನ್ನೂ ಒಟ್ಟಿಗೆ ಓದುವಾಗ ನನ್ನನ್ನು ಕಾಡಿದ್ದು, ಕೆಡುಕು ಸಂಭವಿಸಿದಾಗ ಅದರ ಹೊಣೆ ಯಾರ ತಲೆಗೆ ಬರುತ್ತಿತ್ತು ಎಂಬ ಪ್ರಶ್ನೆ.

ಸಸಾನಿಗಳ ಕಾಲದ ಪರ್ಷಿಯನ್ ಆದ ಪಹ್ಲವಿ ಭಾಷೆಯಲ್ಲಿ ಜ್ಯೋತಿಷಿಯನ್ನು ಅಖ್ತರ್‌ಮಾರ್, ಅಂದರೆ ನಕ್ಷತ್ರಗಳ ಲೆಕ್ಕ ಹಾಕುವವನು, ಎನ್ನುತ್ತಿದ್ದರು. ಸಸಾನಿ ಅರಸ ಎರಡನೆಯ ಖುಸ್ರೋನ (590–628) ಬಳಿ ಕಣಿ ಹೇಳುವವರು, ಮಾಂತ್ರಿಕರು, ಜ್ಯೋತಿಷಿಗಳು ಸೇರಿ 360 ಮಂದಿ ಇದ್ದರೆಂದು ಇತಿಹಾಸಕಾರ ತಬರಿ ಬರೆದಿದ್ದಾನೆ. ಅವರು ಆರಿಸಿಕೊಟ್ಟ ಗಳಿಗೆಯಲ್ಲಿ ಟೈಗ್ರಿಸ್ ನದಿಗೆ ಒಡ್ಡು ಕಟ್ಟಿಸಿ, ಅದರ ಮೇಲೆಯೇ ರತ್ನಗಂಬಳಿ ಹಾಸಿಸಿ ಖುಸ್ರೋ ಸಂಭ್ರಮಕ್ಕೆ ಕುಳಿತಾಗ ಒಡ್ಡು ಕೊಚ್ಚಿಹೋಗಿ, ಅರಸನನ್ನೇ ನೀರಿನಿಂದ ಎತ್ತಬೇಕಾಯಿತು. ಜ್ಯೋತಿಷಿಗಳಲ್ಲಿ ಸುಮಾರು ನೂರು ಮಂದಿಯ ತಲೆ ಉರುಳಿತು. ಅದೇ ಕಥೆಯ ಪ್ರಕಾರ, ರಾಜ್ಯಕ್ಕೆ ಕೇಡುಗಾಲ ಬರಲಿದೆಯೆಂಬುದು ಅವರಿಗೆ ಮೊದಲೇ ಹೊಳೆದಿತ್ತು. ಹೇಳಿದರೆ ಪ್ರಾಣ ಉಳಿಯದೆಂದು ಬಾಯಿ ಬಿಟ್ಟಿರಲಿಲ್ಲ. ಕಥೆಯಲ್ಲಿ ಎಷ್ಟು ನಿಜವೋ, ಭಯವಂತೂ ನಿಜವೇ ಇರಬೇಕು.

ಚೀನಾದಲ್ಲಿ ಅರಸನು ಆಳುತ್ತಿದ್ದುದೇ ಆಕಾಶದ ಅಪ್ಪಣೆಯಿಂದ. ಆದ್ದರಿಂದ ಗ್ರಹಣ, ಧೂಮಕೇತುಗಳು ಅವನ ನಡತೆಯ ಮೇಲೆ ಬಂದ ಆಕ್ಷೇಪಣೆಗಳಾಗಿದ್ದವು. ಅವನ್ನು ದಿನಾಂಕ ಸಹಿತ ಬರೆದಿಡುವುದು ತಾಯ್‌ಶಿಲಿಂಗ್ ಎಂಬ ಅಧಿಕಾರಿಯ ಕೆಲಸ. ಮಹಾ ಇತಿಹಾಸಕಾರ ಸಿಮಾ ಚಿಯಾನ್ ಕೂಡ ಇದೇ ಹುದ್ದೆಯಲ್ಲಿದ್ದವನು. ಕ್ರಿ.ಪೂ. 178ರಲ್ಲಿ ಸೂರ್ಯಗ್ರಹಣವಾದಾಗ ಹಾನ್ ವಂಶದ ವೆನ್ ಚಕ್ರವರ್ತಿಯು ತಪ್ಪು ತನ್ನದೇ ಎಂದು ಆಜ್ಞೆಯಲ್ಲಿ ಒಪ್ಪಿಕೊಂಡು, ಮುಲಾಜಿಲ್ಲದೆ ಬುದ್ಧಿ ಹೇಳಬಲ್ಲವರನ್ನು ಹುಡುಕಿ ಕಳುಹಿಸುವಂತೆ ಅಧಿಕಾರಿಗಳಿಗೆ ತಿಳಿಸಿದನು.

ಇಷ್ಟಕ್ಕೇ ಚೀನಾದ ಪದ್ಧತಿಯನ್ನು ಹೊಗಳಲು ನನಗೆ ಮನಸ್ಸಿಲ್ಲ, ಏಕೆಂದರೆ ಅರಸನ ಮೇಲೆ ಬಂದ ಹೊಣೆಯನ್ನು ಮಂತ್ರಿಯ ಮೇಲೆ ಜಾರಿಸುವ ದಾರಿಯೂ ಅಲ್ಲಿತ್ತು. ಕ್ರಿ.ಪೂ. 7ರಲ್ಲಿ ಮಂಗಳ ಗ್ರಹವು ನಾವು ಜ್ಯೇಷ್ಠಾ ಎನ್ನುವ ನಕ್ಷತ್ರದ ಬಳಿ ನಿಂತಿದೆಯೆಂಬ ವರದಿ ಬಂತು. ಅದು ಚಕ್ರವರ್ತಿಗೆ ಮರಣಸೂಚಕ. ಚೆಂಗ್ ಚಕ್ರವರ್ತಿಯ ಪ್ರಧಾನಮಂತ್ರಿ ಝಾಯ್ ಫಾಂಗ್‌ಜಿನ್ ಒತ್ತಾಯಕ್ಕೆ ಸಿಕ್ಕಿ ಆತ್ಮಹತ್ಯೆ ಮಾಡಿಕೊಂಡನು. ಚಕ್ರವರ್ತಿಯೂ ಅದೇ ವರ್ಷ ತೀರಿಕೊಂಡನು. ಈಗಿನ ವಿದ್ವಾಂಸರು ಲೆಕ್ಕ ಹಾಕಿ ನೋಡಿದರೆ, ಆ ದಿನಗಳಲ್ಲಿ ಮಂಗಳ ಅಲ್ಲಿರಲೇ ಇಲ್ಲ.

ಆಕಾಶದ ವರದಿಗೆ ಪ್ರಧಾನಿಯ ಪ್ರಾಣ ತೆಗೆಯುವಷ್ಟು ಬಲವಿದ್ದ ಮೇಲೆ, ಆಕಾಶ ನೋಡುವ ಕೆಲಸವನ್ನು ಸಿಕ್ಕಸಿಕ್ಕವರಿಗೆ ಬಿಡುವುದು ಹೇಗೆ? ಖಗೋಳದ ಉಪಕರಣಗಳನ್ನೂ ಗ್ರಂಥಗಳನ್ನೂ ಖಾಸಗಿಯಾಗಿ ಇಟ್ಟುಕೊಳ್ಳುವುದು ಟಾಂಗ್ ವಂಶದ ಕಾನೂನಿನಲ್ಲಿ ಅಪರಾಧವಾಗಿತ್ತು. ಆ ಕಾಲದಲ್ಲಿ ರಾಜಧಾನಿ ಚಾಂಗಾನ್‌ನ ಖಗೋಳ ಇಲಾಖೆಯನ್ನು ನಡೆಸಿದವರಲ್ಲಿ ಭಾರತೀಯ ಮೂಲದ ಗೌತಮ ಸಿದ್ಧನೂ ಒಬ್ಬ. ಅವನು 718ರಲ್ಲಿ ನಮ್ಮ ನವಗ್ರಹಗಳ ಗಣಿತವನ್ನು ಚೀನೀ ಭಾಷೆಗೆ ತಂದನು. ಅದನ್ನೂ ಒಳಗೊಂಡಂತೆ ಶಕುನಗಳ ದೊಡ್ಡ ಸಂಗ್ರಹವೊಂದನ್ನು ಚಕ್ರವರ್ತಿಗಾಗಿ ಸಿದ್ಧಪಡಿಸಿದನು. ಕಾಲಾಂತರದಲ್ಲಿ ಕಣ್ಮರೆಯಾಗಿದ್ದ ಆ ಗ್ರಂಥ ಮತ್ತೆ ಸಿಕ್ಕಿದ್ದು 1616ರಲ್ಲಿ, ಹಳೆಯ ಬುದ್ಧ ವಿಗ್ರಹವೊಂದರ ಹೊಟ್ಟೆಯೊಳಗೆ.