ಬೆಲ್‌ಶಿನಾ ಚರಿತ್ರೆ ಬರೆಯುವ ಕೆಲಸ: ಗೆರೆ 2001 ದಾಟಿತು

ಹೋದ ಸಲ ಬರೆದಾಗ 1995ರಲ್ಲೇ ಸಿಕ್ಕಿಹಾಕಿಕೊಂಡಿದ್ದೆ. ಒಂದೇ ಊರು, ಎರಡು ಕಾರ್ಖಾನೆ, ಎರಡು ತಂಡ. ಯಾವುದರ ಲೆಕ್ಕ ಯಾವುದಕ್ಕೆ ಸೇರಿಸಬೇಕು ಅನ್ನೋದೇ ಬಗೆಹರಿದಿರಲಿಲ್ಲ. ಈಗ ಬಗೆಹರಿದಿದೆ. ಗೋಡೆಗೆ ಅಂಟಿಸಿರುವ ಗ್ರಾಫ್ ಹಾಳೆಯಲ್ಲಿ ಗೆರೆ 2001 ದಾಟಿ 2023ರ ತನಕ ಬಂದು ನಿಂತಿದೆ. ಅದಕ್ಕೇ ಇವತ್ತು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲ ಸಲ ಓದುವವರಿಗೆ ಎರಡು ಮಾತು. ಬೆಲಾರಸ್ ದೇಶದ ಬಬ್ರುಯ್ಸ್ಕ್ ಊರಿನ ಬೆಲ್‌ಶಿನಾ ಅನ್ನೋ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆಯನ್ನು ಕನ್ನಡದಲ್ಲಿ ಬರೆದಿಡುತ್ತಿದ್ದೇನೆ, ಒಂದೊಂದೇ ಸೀಸನ್. ಒಂದು ನೋಟ್‌ಬುಕ್, ಒಂದು ಸ್ಪ್ರೆಡ್‌ಶೀಟ್, ಒಂದು ಗ್ರಾಫ್ ಹಾಳೆ. ಇಷ್ಟೇ ಸಾಮಾನು.

ಇಷ್ಟು ದೂರದ ಕ್ಲಬ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. 2020ರ ಮಾರ್ಚ್ ನೆನಪಿದೆ ಅಲ್ವಾ? ಪ್ರಪಂಚದಲ್ಲಿ ಎಲ್ಲ ಕಡೆ ಆಟ ನಿಂತಿತ್ತು. ಯುರೋಪಿನಲ್ಲಿ ಬೆಲಾರಸ್ ಮಾತ್ರ ಲೀಗ್ ನಿಲ್ಲಿಸಲಿಲ್ಲ. ಮಾರ್ಚ್ 19ಕ್ಕೆ ಸೀಸನ್ ಶುರುವಾಯಿತು, ಮೊದಲ ದಿನವೇ ಎನರ್ಗೆಟಿಕ್-ಬಿಜಿಯು ಅನ್ನೋ ಸಣ್ಣ ತಂಡ ಬಾಟೆಯಂಥ ದೊಡ್ಡ ತಂಡವನ್ನು 3-1ರಿಂದ ಸೋಲಿಸಿತು. ನಮ್ಮಲ್ಲಿ 25ನೇ ತಾರೀಖಿನಿಂದ ಲಾಕ್‌ಡೌನ್. ನೋಡೋಕೆ ಬೇರೆ ಏನೂ ಇಲ್ಲದ ಕಾರಣ ಬೆಲಾರಸ್ ಲೀಗಿನ ಪ್ರಸಾರದ ಹಕ್ಕು ಹತ್ತು ದೇಶಗಳಿಗೆ ಮಾರಾಟವಾಯಿತು, ಅದರಲ್ಲಿ ಭಾರತವೂ ಇತ್ತು. ಅಲ್ಲಿನ ಸಮಯ ನಮಗಿಂತ ಎರಡೂವರೆ ಗಂಟೆ ಹಿಂದೆ, ಹಾಗಾಗಿ ಪಂದ್ಯಗಳು ನಮ್ಮ ಸಂಜೆಗೆ ಸರಿಯಾಗಿ ಬರುತ್ತಿದ್ದವು. ಆಸ್ಟ್ರೇಲಿಯಾದ ಜನ ಸ್ಲುಟ್ಸ್ಕ್ ತಂಡವನ್ನು ತಮ್ಮದು ಮಾಡಿಕೊಂಡರು. ದಿನಾಮೊ ಬ್ರೆಸ್ಟ್‌ನವರು ಅಭಿಮಾನಿಗಳ ಮುಖದ ಫೋಟೋ ಅಂಟಿಸಿದ ಗೊಂಬೆಗಳನ್ನು ಗ್ಯಾಲರಿಯಲ್ಲಿ ಕೂರಿಸಿದರು. ನಾನು ಸುಮ್ನೆ ಹಳೆಯ ಚಾಂಪಿಯನ್ನರ ಪಟ್ಟಿ ತೆಗೆದು ನೋಡುತ್ತಿದ್ದೆ. ಬಾಟೆ, ಬಾಟೆ, ಬಾಟೆ ಅಂತ 2018ರಿಂದ ಹಿಂದಕ್ಕೆ 2006ರ ತನಕ ಸತತ ಹದಿಮೂರು ಸಲ. ಇನ್ನೂ ಹಿಂದೆ ಹೋದರೆ 2001ರ ಮುಂದೆ ಒಂದೇ ಒಂದು ಸಲ ಬೆಲ್‌ಶಿನಾ. ಆ ಹೆಸರು ಎಲ್ಲೋ ನೋಡಿದ ಹಾಗಿದೆಯಲ್ಲ ಅಂದುಕೊಂಡು ಆ ದಿನದ ಅಂಕಪಟ್ಟಿ ತೆರೆದೆ. ಕೆಳಗಿನ ಲೀಗಿನಿಂದ ಆಗಷ್ಟೇ ಹತ್ತಿ ಬಂದ ತಂಡ ಅದೇ.

ಆ ವರ್ಷದ ಕೊನೆಗೆ ಅದು ಮತ್ತೆ ಕೆಳಗೆ ಬಿತ್ತು. ಅಷ್ಟು ಹೊತ್ತಿಗೆ ಜರ್ಮನಿಯ ಲೀಗ್ ಮೇ ತಿಂಗಳಲ್ಲೇ ಶುರುವಾಗಿ ಎಲ್ಲರೂ ಆ ಕಡೆ ಹೋಗಿದ್ದರು. ನನಗೆ ಬಿಟ್ಟು ಹೋಗೋಕೆ ಮನಸ್ಸಾಗಲಿಲ್ಲ.

ಈಗ ಕೆಲಸದ ವಿಷಯ.

ಊರಿನ ಪುಟ ಮುಗಿದಿದೆ. ಬೆರೆಜಿನಾ ನದಿಯ ದಡ, ಮೊಗಿಲ್ಯೋವ್ ಪ್ರಾಂತ್ಯ. 1810ರಲ್ಲಿ ರಷ್ಯಾದವರು ಕಟ್ಟೋಕೆ ಶುರುಮಾಡಿದ ಕೋಟೆ, ನೆಪೋಲಿಯನ್ನನ ದಂಡಯಾತ್ರೆಯಲ್ಲಿ ಬೀಳದೆ ನಿಂತದ್ದು. ಊರಿನ ಹೆಸರು ಬಂದಿರೋದು ಬೀವರ್ ಪ್ರಾಣಿಯಿಂದ, ಅವರ ಭಾಷೆಯಲ್ಲಿ ಅದು 'ಬೊಬ್ರ್'. ಊರಲ್ಲಿ ಬೀವರಿನ ಪ್ರತಿಮೆಯೂ ಇದೆ. ಕ್ಲಬ್ಬಿನ ಹೆಸರಿನದು ಬೇರೆ ಕತೆ. 'ಶಿನಾ' ಅಂದರೆ ಟೈರು, 'ಬೆಲ್' ಅಂದರೆ ಬೆಲಾರಸ್. ಊರಿನ ದೊಡ್ಡ ಟೈರ್ ಕಾರ್ಖಾನೆಯ ಹೆಸರೇ ಕ್ಲಬ್ಬಿಗೆ. ಗಣಿಗಳಲ್ಲಿ ಓಡುವ ಬೆಲಾಜ್ ಡಂಪರ್ ನೋಡಿದ್ದೀರಾ? ಮನುಷ್ಯ ಪಕ್ಕದಲ್ಲಿ ನಿಂತರೆ ತಲೆಗಿಂತ ಮೇಲೆ ಹೋಗುವಂಥ ಚಕ್ರ. ನಮ್ಮ ದೇಶದ ಕಲ್ಲಿದ್ದಲು ಗಣಿಗಳಲ್ಲೂ ಆ ಗಾಡಿಗಳಿವೆ. ಅಂಥ ಗಾಡಿಗಳಿಗೆ ಟೈರು ಮಾಡುವ ಕಾರ್ಖಾನೆ ಇದು. ಬೆಲಾಜ್‌ನವರಿಗೂ ಜೋದಿನೊ ಊರಲ್ಲಿ ಒಂದು ತಂಡವಿದೆ, ತರ್ಪೇದೊ-ಬೆಲಾಜ್. ಅಂದರೆ ಲಾರಿ ಮಾಡುವವರ ಮೇಲೆ ಟೈರ್ ಮಾಡುವವರು ಆಡುತ್ತಾರೆ. ಇದನ್ನು ಬರೆಯುವಾಗ ನನಗೆ ನಿಜವಾಗಲೂ ಖುಷಿಯಾಯಿತು.

ಇದು ಗೊತ್ತಾಗದೆ ಬೆಲಾರಸ್ ಫುಟ್‌ಬಾಲ್ ಅರ್ಥವಾಗಲ್ಲ. ಸೋವಿಯತ್ ಕಾಲದಲ್ಲಿ ಇಡೀ ಬೆಲಾರಸ್‌ನಿಂದ ಮೇಲಿನ ಲೀಗಿನಲ್ಲಿ ಹೆಸರು ಮಾಡಿದ್ದು ದಿನಾಮೊ ಮಿನ್ಸ್ಕ್ ಒಂದೇ, 1982ರಲ್ಲಿ ಸೋವಿಯತ್ ಚಾಂಪಿಯನ್ನೇ ಆಗಿತ್ತು. ಉಳಿದ ಊರುಗಳಲ್ಲಿ ಹೆಚ್ಚಿನವು ಕಾರ್ಖಾನೆ ತಂಡಗಳು. ಗೋಮೆಲ್‌ನಲ್ಲಿ ಕೊಯ್ಲು ಯಂತ್ರದವರು, ಸೊಲಿಗೋರ್ಸ್ಕ್‌ನಲ್ಲಿ ಪೊಟ್ಯಾಶ್ ಗಣಿಯವರು, ನೊವೊಪೊಲೊಟ್ಸ್ಕ್‌ನಲ್ಲಿ ತೈಲ ಶುದ್ಧೀಕರಣದವರು. ನಮ್ಮ ಬಬ್ರುಯ್ಸ್ಕ್ ತಂಡ 1976ರಲ್ಲಿ ಹುಟ್ಟಿತು, ಹೆಸರು 'ಶಿನ್ನಿಕ್', ಅಂದರೆ ಟೈರ್ ಕೆಲಸಗಾರ. ಬೆಲಾರಸ್ ಗಣರಾಜ್ಯದೊಳಗಿನ ಪಂದ್ಯಾವಳಿಯಲ್ಲಿ ಆಡುತ್ತಿತ್ತು, ಗೆದ್ದದ್ದೂ ಉಂಟು. 1991ರ ಕೊನೆಗೆ ಸೋವಿಯತ್ ಒಕ್ಕೂಟ ಒಡೆಯಿತು. 1992ಕ್ಕೆ ಹೊಸ ದೇಶದ ಹೊಸ ಲೀಗ್, ಹದಿನಾರು ತಂಡ ಬೇಕು. ನಿನ್ನೆ ತನಕ ಪಕ್ಕದ ಊರಿನ ಕಾರ್ಖಾನೆ ಜೊತೆ ಆಡುತ್ತಿದ್ದವರು ಒಂದೇ ಚಳಿಗಾಲದಲ್ಲಿ ದೇಶದ ಮೇಲಿನ ಲೀಗಿನ ಆಟಗಾರರಾದರು.

ಇಲ್ಲೇ ನನ್ನ ಗಂಟು. ಆ ಮೊದಲ ಲೀಗಿನಲ್ಲಿ ಬಬ್ರುಯ್ಸ್ಕ್‌ನಿಂದ ಆಡಿದ ತಂಡ ಟೈರಿನವರದಲ್ಲ. ಅದು 'ಫನ್‌ದೋಕ್', ಪ್ಲೈವುಡ್ ಮತ್ತು ಮರಗೆಲಸದ ಕಾರ್ಖಾನೆಯದು. 1996ರಲ್ಲಿ ಶಿನ್ನಿಕ್ ಮತ್ತು ಫನ್‌ದೋಕ್ ಒಂದಾಗಿ ಬೆಲ್‌ಶಿನಾ ಆಯಿತು. ಹಾಗಾದರೆ 1992ರ ಫನ್‌ದೋಕ್ ಸೀಸನ್ ಬೆಲ್‌ಶಿನಾ ಚರಿತ್ರೆಯೋ ಅಲ್ಲವೋ? ಟೈರಿನವರ ಹೆಸರು ಉಳಿಯಿತು, ಅವರ ಹುಟ್ಟಿದ ವರ್ಷವೇ ಕ್ಲಬ್ಬಿನ ವರ್ಷವಾಯಿತು, ಮರದವರು ಕಾಣೆಯಾದರು. ಎರಡು ವಾರ ಯೋಚನೆ ಮಾಡಿದೆ. ಸ್ಪ್ರೆಡ್‌ಶೀಟಿನಲ್ಲಿ ಒಂದು ಸಾಲಿಗೆ ಒಂದೇ ಕ್ಲಬ್ ಅಂತ ಮಾಡಿಕೊಂಡಿದ್ದರಿಂದ ಅಲ್ಲಿ ಉತ್ತರ ಸಿಗಲಿಲ್ಲ. ಹಾಳೆಯ ಮೇಲೆ ಸಿಕ್ಕಿತು. ಟೈರಿಗೆ ಕಪ್ಪು ಗೆರೆ, ಮರಕ್ಕೆ ಕಂದು ಗೆರೆ ಎಳೆದು ಎರಡನ್ನೂ 1996ರ ಚೌಕದಲ್ಲಿ ಕೂಡಿಸಿದೆ. ಅಲ್ಲಿಂದ ಮುಂದಕ್ಕೆ ಕಪ್ಪು ಗೆರೆಯ ಅಂಚಿಗೆ ಕಂದು ಬಣ್ಣ ತೆಳ್ಳಗೆ ಉಳಿಸಿದ್ದೇನೆ. ಗ್ಯಾಲರಿಯಲ್ಲಿ ಕೂತು ಫನ್‌ದೋಕ್‌ಗೆ ಕೂಗಿದ ಜನ 1996ರಲ್ಲಿ ಮಾಯವಾಗಲಿಲ್ಲ ಅಲ್ವಾ? ಅವರ ವರ್ಷಗಳನ್ನು ಬಿಡೋದು ನನಗೆ ನ್ಯಾಯ ಅನಿಸಲಿಲ್ಲ.

ಒಂದು ತಪ್ಪಿನಿಂದ ಮೂರು ಸಂಜೆ ಹೋಯಿತು, ಅದನ್ನೂ ಹೇಳಿಬಿಡುತ್ತೇನೆ, ಬೇರೆ ಯಾರಾದರೂ ಇಂಥ ಕೆಲಸಕ್ಕೆ ಕೈಹಾಕಿದರೆ ಉಪಯೋಗಕ್ಕೆ ಬರಲಿ. ಶಿನ್ನಿಕ್ ಅನ್ನೋ ಹೆಸರಿನ ಇನ್ನೊಂದು ತಂಡ ರಷ್ಯಾದ ಯಾರೊಸ್ಲಾವ್ಲ್ ಊರಲ್ಲಿದೆ. ಅಲ್ಲೂ ಟೈರ್ ಕಾರ್ಖಾನೆ, ಅದಕ್ಕೇ ಅದೇ ಹೆಸರು. ಸೋವಿಯತ್ ಕಾಲದ ಅಂಕಪಟ್ಟಿಗಳಲ್ಲಿ ಬರೀ ಶಿನ್ನಿಕ್ ಅಂತ ಕಂಡದ್ದನ್ನೆಲ್ಲ ನಾನು ತುಂಬಿಸುತ್ತಾ ಹೋಗಿದ್ದೆ. ಎಂಬತ್ತರ ದಶಕದ ಗೆರೆ ವಿಪರೀತ ಮೇಲಕ್ಕೆ ಹೋದಾಗ ಅನುಮಾನ ಬಂತು. ಎಲ್ಲ ಅಳಿಸಿ ಮತ್ತೆ ಬರೆದೆ. ಈಗ ತಂಡದ ಹೆಸರಿನ ಪಕ್ಕ ಊರಿನ ಹೆಸರಿಲ್ಲದೆ ಒಂದು ಸಾಲೂ ಒಳಗೆ ಬಿಡಲ್ಲ.

ಅಕ್ಷರಗಳದ್ದೂ ಒಂದು ಪಾಠ ಆಯಿತು. ಅವರ ಲಿಪಿ ಕಲಿಯೋಕೆ ಹತ್ತು ದಿನ ಸಾಕಾಯಿತು. ಮೊದಲು ಗುರುತು ಸಿಕ್ಕಿದ್ದು 'ಶ' ಅಕ್ಷರ, ಮೂರು ಹಲ್ಲಿನ ಬಾಚಣಿಗೆಯನ್ನು ಮೇಲ್ಮುಖ ಮಾಡಿ ಇಟ್ಟ ಹಾಗೆ ಇರುತ್ತೆ, ಬೆಲ್‌ಶಿನಾ ಅನ್ನೋ ಪದದ ನಡುವೆ ಎದ್ದು ಕಾಣುತ್ತೆ. ಕಷ್ಟ ಇದ್ದದ್ದು ಬೇರೆ ಕಡೆ. ಅಲ್ಲಿ ರಷ್ಯನ್ ಮತ್ತು ಬೆಲರೂಸಿಯನ್ ಎರಡು ಭಾಷೆ ಬಳಕೆಯಲ್ಲಿವೆ. ರಷ್ಯನ್ನಿನಲ್ಲಿ 'ಬೊಬ್ರುಯ್ಸ್ಕ್' ಅಂತ ಬರೆದು 'ಬಬ್ರುಯ್ಸ್ಕ್' ಅಂತ ಓದುತ್ತಾರೆ. ಬೆಲರೂಸಿಯನ್ನಿನಲ್ಲಿ ಬಾಯಲ್ಲಿ ಬಂದ ಹಾಗೇ 'ಬಬ್ರುಯ್ಸ್ಕ್' ಅಂತಲೇ ಬರೆಯುತ್ತಾರೆ. ನುಡಿದ ಹಾಗೆ ಬರೆಯೋದು ನಮಗೂ ರೂಢಿ, ಹಾಗಾಗಿ ನಾನು ಎಲ್ಲ ಹೆಸರಿಗೂ ಅದನ್ನೇ ಹಿಡಿದೆ. ಆದರೆ ಅಷ್ಟರಲ್ಲಿ ನನ್ನ ಪಟ್ಟಿಯಲ್ಲಿ ಒಬ್ಬನೇ ಆಟಗಾರ ಇಬ್ಬರಾಗಿ ಕೂತಿದ್ದ. ಅದೂ ಕ್ಲಬ್ಬಿನ ಅತಿ ದೊಡ್ಡ ಗೋಲುಗಾರ, ಒಂದು ಕಡೆ ಖ್ಲೆಬೊಸೋಲೊವ್, ಇನ್ನೊಂದು ಕಡೆ ಖ್ಲೆಬಸೋಲಾವ್.

ಆಂದ್ರೆಯ್ ಖ್ಲೆಬಸೋಲಾವ್. ಈ ಹೆಸರಲ್ಲಿ 'ಖ್ಲೆಬ್' ಅಂದರೆ ರೊಟ್ಟಿ, 'ಸೋಲ್' ಅಂದರೆ ಉಪ್ಪು. ಅಲ್ಲಿ ಮನೆಗೆ ಬಂದವರನ್ನು ರೊಟ್ಟಿ ಉಪ್ಪು ಕೊಟ್ಟು ಎದುರುಗೊಳ್ಳೋದು ಪದ್ಧತಿ, 'ಖ್ಲೆಬೊಸೋಲ್' ಅಂದರೆ ಅತಿಥಿಗಳನ್ನು ಪ್ರೀತಿಯಿಂದ ನೋಡಿಕೊಳ್ಳುವವನು. 1996ರಲ್ಲಿ ಈತ ಬೆಲ್‌ಶಿನಾಗೆ ಹೊಡೆದದ್ದು 34 ಗೋಲು. ಲೀಗಿನಲ್ಲಿ ಹದಿನಾರು ತಂಡ, ಒಬ್ಬೊಬ್ಬರಿಗೆ 30 ಪಂದ್ಯ. ಪಂದ್ಯಕ್ಕೆ ಒಂದಕ್ಕಿಂತ ಜಾಸ್ತಿ! ಬೆಲಾರಸ್ ಲೀಗಿನಲ್ಲಿ ಒಂದು ಸೀಸನ್ನಿಗೆ ಇದು ದಾಖಲೆ. ಎರಡು ಹೆಸರಾಗಿ ಒಡೆದಿದ್ದರಿಂದ ನನ್ನ ಪಟ್ಟಿಯಲ್ಲಿ ಅವನ ಗೋಲುಗಳೂ ಎರಡು ಪಾಲಾಗಿದ್ದವು. ಕೂಡಿಸಿ 34 ಬಂದ ಕ್ಷಣ ಸುಮಾರು ಹೊತ್ತು ಆ ಅಂಕಿಯನ್ನೇ ನೋಡುತ್ತಾ ಕೂತಿದ್ದೆ. ಹಾಳೆಯಲ್ಲಿ ಆ ವರ್ಷದ ಚೌಕಕ್ಕೆ 34 ಸಣ್ಣ ಚುಕ್ಕಿ ಇಟ್ಟಿದ್ದೇನೆ, ಚೌಕ ಸಾಲದೆ ಅಂಚಿಗೂ ಹೋಗಿವೆ.

ಇಷ್ಟಾದರೂ ಆ ವರ್ಷ ತಂಡ ಬಂದದ್ದು ಮೂರನೇ ಸ್ಥಾನ. ಚಾಂಪಿಯನ್ ಆದದ್ದು ಮೊಜಿರ್ ಊರಿನವರು. 1997ಕ್ಕೆ ಎರಡನೆಯದು, 1998ಕ್ಕೆ ಮತ್ತೆ ಮೂರನೆಯದು. 1997ರಲ್ಲಿ ಮೊದಲ ಸಲ ದೇಶದ ಕಪ್ ಗೆದ್ದರು, ಅದರಿಂದ ಯುರೋಪಿನ ಕಪ್‌ವಿಜೇತರ ಟೂರ್ನಿಗೆ ಹೋಗಿ ಲೊಕೊಮೊಟಿವ್ ಮಾಸ್ಕೋ ಎದುರು ಸೋತರು. 1999ರಲ್ಲಿ ಇನ್ನೊಂದು ಕಪ್, ಫೈನಲ್‌ನಲ್ಲಿ ಸೋತದ್ದು ಮೊಜಿರ್‌ನ ಸ್ಲಾವಿಯಾ. 2001ರಲ್ಲಿ ಅದೇ ಸ್ಲಾವಿಯಾವನ್ನು ಮತ್ತೆ ಫೈನಲ್‌ನಲ್ಲಿ ಸೋಲಿಸಿ ಮೂರನೇ ಕಪ್. ಅದೇ ವರ್ಷ ಲೀಗ್ ಕೂಡ! ರಾಜಧಾನಿಯ ದಿನಾಮೊ ಮಿನ್ಸ್ಕ್ ಎರಡನೆಯದು, ಬಾಟೆ ಮೂರನೆಯದು, ಟೈರಿನವರು ಎಲ್ಲರ ಮೇಲೆ. ಗ್ರಾಫಿನಲ್ಲಿ ಗೆರೆ ಹಾಳೆಯ ತುದಿ ಮುಟ್ಟುವ ಒಂದೇ ಜಾಗ ಇದು. ಇಲ್ಲಿಗೆ ಬಂದಾಗ ಕೈ ಸ್ವಲ್ಪ ನಡುಗಿತು, ಗೆರೆ ಕೊಂಚ ಸೊಟ್ಟಗಿದೆ, ಹಾಗೇ ಬಿಟ್ಟಿದ್ದೇನೆ.

2002ರ ಬೇಸಿಗೆಯಲ್ಲಿ ಚಾಂಪಿಯನ್ಸ್ ಲೀಗಿನ ಅರ್ಹತಾ ಸುತ್ತು. ಮೊದಲು ಉತ್ತರ ಐರ್ಲೆಂಡಿನ ಪೋರ್ಟಡೌನ್, ಅದನ್ನು ದಾಟಿದರು. ಆಮೇಲೆ ಇಸ್ರೇಲಿನ ಮಕಾಬಿ ಹೈಫಾ, ಎರಡೂ ಪಂದ್ಯ ಸೋತು ಮನೆಗೆ. ಆ ಹೈಫಾ ತಂಡ ಆ ವರ್ಷ ಗುಂಪು ಹಂತಕ್ಕೇ ಹೋಯಿತು, ಹಾಗಾಗಿ ಇದೇನೂ ತಲೆ ತಗ್ಗಿಸುವಂಥ ಸೋಲಲ್ಲ.

ನನ್ನನ್ನು ಜಾಸ್ತಿ ಕಾಡೋದು ಇದರ ನಂತರದ ಭಾಗ. ಬಾಟೆಯೂ ಹುಟ್ಟಿನಿಂದ ಕಾರ್ಖಾನೆ ತಂಡವೇ, ಬೋರಿಸೊವ್ ಊರಿನ ವಾಹನ ವಿದ್ಯುತ್ ಉಪಕರಣ ಕಾರ್ಖಾನೆಯದು. ಅದೂ ಬೆರೆಜಿನಾ ನದಿಯ ಊರೇ. 1996ರಲ್ಲಿ ಬಬ್ರುಯ್ಸ್ಕ್‌ನಲ್ಲಿ ಎರಡು ತಂಡ ಒಂದಾದಾಗ ಬೋರಿಸೊವ್‌ನಲ್ಲಿ ಬಾಟೆಯನ್ನು ಹೊಸದಾಗಿ ಕಟ್ಟುತ್ತಿದ್ದರು. 2001ರಲ್ಲಿ ಟೈರಿನವರು ಮುಂದಿದ್ದರು. 2008ರ ಹೊತ್ತಿಗೆ ಬಾಟೆ ಚಾಂಪಿಯನ್ಸ್ ಲೀಗಿನ ಗುಂಪು ಹಂತದಲ್ಲಿ ರಿಯಲ್ ಮಾಡ್ರಿಡ್ ಮತ್ತು ಯುವೆಂಟಸ್ ಎದುರು ಆಡುತ್ತಿತ್ತು. ಬೆಲ್‌ಶಿನಾ ಎರಡನೇ ದರ್ಜೆ ಕಂಡಾಗಿತ್ತು. ಕಾರ್ಖಾನೆಯ ಹಣದ ಮೇಲೆ ನಿಂತ ತಂಡದ ಗತಿಯೇ ಇದು ಅಂತ ಸುಲಭವಾಗಿ ಹೇಳಬಹುದು, ನಾನು ಒಪ್ಪಲ್ಲ, ಎರಡೂ ಅಂಥವೇ ತಂಡ ತಾನೆ? ಬಾಟೆಗೆ ಅನಾತೊಲಿ ಕಾಪ್ಸ್ಕಿ ಅನ್ನೋ ಒಬ್ಬ ಮನುಷ್ಯ ಇದ್ದರು, ತಂಡವನ್ನು ಮತ್ತೆ ಕಟ್ಟಿದ್ದಷ್ಟೇ ಅಲ್ಲ, 2018ರಲ್ಲಿ ತೀರಿಕೊಳ್ಳುವ ತನಕ ಅದರ ಜೊತೆಗೇ ಉಳಿದರು. ನನ್ನ ಮಟ್ಟಿಗೆ ವ್ಯತ್ಯಾಸ ಅಲ್ಲಿದೆ.

ಇಲ್ಲಿ ಒಂದು ಪದದ ಎಚ್ಚರಿಕೆ. ಅವರ 'ಮೊದಲ ಲೀಗ್' ಅಂದರೆ ಎರಡನೇ ದರ್ಜೆ. ಎಲ್ಲಕ್ಕಿಂತ ಮೇಲಿನದಕ್ಕೆ ಬೇರೆ ಹೆಸರು, 'ಅತ್ಯುನ್ನತ ಲೀಗ್' ಅನ್ನಬಹುದು. 'ಎರಡನೇ ಲೀಗ್' ಅಂದರೆ ಮೂರನೇ ದರ್ಜೆ. ನೋಟ್‌ಬುಕ್ಕಿನಲ್ಲಿ ನಾನು ಬರೀ ಮೇಲಿನ ದರ್ಜೆ, ಎರಡನೇ ದರ್ಜೆ ಅಂತಲೇ ಬರೆಯುತ್ತಿದ್ದೇನೆ.

2010ರಲ್ಲಿ ಬೆಲ್‌ಶಿನಾ ಮತ್ತೆ ಮೇಲಿನ ದರ್ಜೆಯಲ್ಲಿತ್ತು. 2016ರ ಕೊನೆಗೆ ಕೆಳಗೆ. ಮೂರು ವರ್ಷ ಅಲ್ಲೇ ಇದ್ದು 2019ರಲ್ಲಿ ಎರಡನೇ ದರ್ಜೆ ಗೆದ್ದು ಮೇಲೆ ಬಂತು, ಆ ಬಂದ ವರ್ಷವೇ ನಾವೆಲ್ಲ ಮನೆಯಲ್ಲಿ ಕೂತು ನೋಡಿದ 2020. ಮತ್ತೆ ಕೆಳಗೆ. 2022ಕ್ಕೆ ಮೇಲೆ, 2023 ಮುಗಿಯುವಾಗ ಕೆಳಗೆ. ಬರೆಯೋಕೆ ಎರಡು ಸಾಲು. ಆದರೆ ಹಾಳೆಯ ಮೇಲೆ ಈ ಭಾಗ ಗರಗಸದ ಹಲ್ಲಿನ ಹಾಗೆ ಕಾಣುತ್ತೆ. ಎಡಗಡೆ ಆ ಒಂದೇ ಒಂದು ಶಿಖರ, ಬಲಗಡೆ ಈ ಹಲ್ಲುಗಳು. ನೆಂಟರು ಯಾರೋ ಬಂದವರು ಇದೇನು ಷೇರು ಮಾರುಕಟ್ಟೆಯಾ ಅಂತ ಕೇಳಿದರು. ಕೂರಿಸಿ ಅರ್ಧ ಗಂಟೆ ಖ್ಲೆಬಸೋಲಾವ್ ಕತೆ ಹೇಳಿದೆ.

ಮುಂದಿನ ಕೆಲಸ 2001ರ ತಂಡದ ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಪುಟ. ಅದಕ್ಕೆ ಮೊದಲು ಫನ್‌ದೋಕ್ ಗೆರೆಗೆ ಬಣ್ಣ ತರಬೇಕು, ಕಂದು ಪೆನ್ಸಿಲ್ ಮುಗಿದುಹೋಗಿದೆ. ಹಾಳೆಯ ಬಲ ಅಂಚಿಗೆ ಇನ್ನೊಂದು ಗ್ರಾಫ್ ಹಾಳೆ ಅಂಟಿಸಿ ಆಗಿದೆ, ಮುಂದಿನ ಹತ್ತು ಸೀಸನ್ನಿಗೆ ಜಾಗ ಇದೆ.