ಹಮ್ಶೀಕ್ ಹೆಸರು ಎಣಿಸಿದ ಆ ವಾರ

ನನ್ನ ಕೆಲಸ ಹೆಸರು ಎಣಿಸುವುದು. ಸೋಶಿಯಲ್ ಮೀಡಿಯಾದಲ್ಲಿ ಯಾರ ಬಗ್ಗೆ ಎಷ್ಟು ಮಾತು ನಡೀತಿದೆ ಅಂತ ಲೆಕ್ಕ ಹಾಕಿ, ಬೆಂಗಳೂರಿನಿಂದ ಕ್ಲೈಂಟ್‌ಗಳಿಗೆ ರಿಪೋರ್ಟ್ ಕಳಿಸುತ್ತೇನೆ. ಒಮ್ಮೆ ಯುರೋಪಿನ ನಿವೃತ್ತ ಫುಟ್‌ಬಾಲ್ ಆಟಗಾರರ ಪಟ್ಟಿ ಬಂತು. ಅದರಲ್ಲಿ ಸ್ಲೊವಾಕಿಯಾದ ಮಿಡ್‌ಫೀಲ್ಡರ್ ಮರೆಕ್ ಹಮ್ಶೀಕ್ ಇದ್ದರು.

ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಟೈಪ್ ಮಾಡಿ, ಬಂದ ಸಂಖ್ಯೆಯನ್ನು ಹಾಗೇ ಹಾಕಿದೆ. ಅವರು ಪಟ್ಟಿಯ ಕೊನೆಗೆ ಹೋದರು. ಸುಮಾರು 54 ಲಕ್ಷ ಜನರ ಪುಟ್ಟ ದೇಶ, 2023ರಲ್ಲೇ ಕ್ಲಬ್ ಆಟ ಬಿಟ್ಟವರು, ಇಷ್ಟೇ ಇರಬಹುದು ಅಂದುಕೊಂಡೆ. ನಮ್ಮ ಲೀಡ್ ಮೇಡಂ ಒಂದೇ ಮಾತು ಕೇಳಿದರು: "ಅವರ ದೇಶದವರು ಈ ಹೆಸರನ್ನ ಹೇಗೆ ಬರೀತಾರೆ, ನೋಡಿದ್ರಾ?"

ನೋಡಿರಲಿಲ್ಲ. ಸ್ಲೊವಾಕ್ ಭಾಷೆಯಲ್ಲಿ 'ಎಸ್' ಅಕ್ಷರದ ತಲೆ ಮೇಲೆ ಪುಟ್ಟ ಕೊಕ್ಕೆ ಇದ್ದರೆ ಅದು 'ಶ'. 'ಐ' ಮೇಲೆ ಓರೆ ಗೀಟು ಇದ್ದರೆ ದೀರ್ಘ. ಜೊತೆಗೆ ಹೆಸರಿಗೆ ವಿಭಕ್ತಿ ಅಂಟಿಕೊಳ್ಳುತ್ತದೆ: ಹಮ್ಶೀಕ, ಹಮ್ಶೀಕೊವಿ, ಹಮ್ಶೀಕೊಮ್. ನಾವು ರಾಮ, ರಾಮನಿಗೆ, ರಾಮನಿಂದ ಅನ್ನುತ್ತೇವಲ್ಲ, ಹಾಗೇ. ಕನ್ನಡದವಳಾದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಇಡೀ ಪದ ಹೊಂದಿದರೆ ಮಾತ್ರ ಎಣಿಸುವ ಹಾಗೆ ಸೆಟ್ ಮಾಡಿದ್ದೆ. ಅವರ ಸ್ವಂತ ಜನರ ಮಾತೇ ನನ್ನ ಲೆಕ್ಕದಿಂದ ಹೊರಗೆ ಉಳಿದಿತ್ತು.

ಸರಿ, ಕೊಕ್ಕೆ-ಗೀಟು ಲೆಕ್ಕಿಸದೆ, ಇಂಗ್ಲಿಷಿನಲ್ಲಿ ಹೆಸರಿನ ಮೊದಲ ಐದು ಅಕ್ಷರ (hamsi) ಸಿಕ್ಕರೂ ಸಾಕು ಅಂತ ಬದಲಾಯಿಸಿದೆ. ಟರ್ಕಿಯಿಂದ ಸಂಖ್ಯೆ ಒಮ್ಮೆಲೇ ಏರಿತು. ಖುಷಿಯಿಂದ ಪೋಸ್ಟ್ ತೆರೆದರೆ ಮೀನು! ಮೆಕ್ಕೆಜೋಳದ ಹಿಟ್ಟು ಹಚ್ಚಿ, ಬಾಣಲೆಯಲ್ಲಿ ಚಕ್ರದಂತೆ ಜೋಡಿಸಿ ಹುರಿದ ಸಣ್ಣ ಮೀನು. ಅದರ ಹೆಸರು ಹಮ್ಸಿ. ಕಪ್ಪು ಸಮುದ್ರದ ದಡದ ಟ್ರಾಬ್ಜಾನ್ ಜನಕ್ಕೆ ಪ್ರಾಣ. ಹಮ್ಶೀಕ್ ಕೊನೆಗೆ ಆಡಿದ್ದೂ ಅದೇ ಊರಿನ ಕ್ಲಬ್‌ಗೆ, 2022ರಲ್ಲಿ ಅದು 38 ವರ್ಷಗಳ ನಂತರ ಲೀಗ್ ಗೆದ್ದಾಗ ತಂಡದಲ್ಲಿದ್ದರು. ಹಾಗಾಗಿ ಮೀನಿನ ಪೋಸ್ಟ್‌ಗಳನ್ನು ಸುಮ್ನೆ ತೆಗೆದುಹಾಕುವ ಹಾಗಿರಲಿಲ್ಲ. ಕೆಲವದರಲ್ಲಿ ಮೀನೂ ಇತ್ತು, ಅವರೂ ಇದ್ದರು. ಕೂತು ಓದಿಯೇ ಬೇರೆ ಮಾಡಬೇಕಾಯಿತು.

ಎಲ್ಲಕ್ಕಿಂತ ಜಾಸ್ತಿ ತಪ್ಪಿಹೋಗಿದ್ದು ಇಟಲಿಯ ನೇಪಲ್ಸ್. ಅಲ್ಲಿನವರಿಗೆ ಅವರು 'ಮರೆಕಿಯಾರೊ'. ಮರೆಕಿಯಾರೊ ಅಂದರೆ ಆ ಊರಿನ ಕಡಲ ತೀರದ ಒಂದು ಜಾಗ. ಅದರಲ್ಲಿ ಮರೆಕ್ ಅನ್ನೋ ಹೆಸರು ತಾನಾಗಿ ಕೂತುಬಿಟ್ಟಿದೆ. 2007ರಲ್ಲಿ 20 ತುಂಬುವ ಹೊತ್ತಿಗೆ ಆ ಊರಿನ ಕ್ಲಬ್ ನಾಪೊಲಿಗೆ ಬಂದವರು 2019ರವರೆಗೆ ಅಲ್ಲೇ ಉಳಿದರು. 520 ಪಂದ್ಯ, 121 ಗೋಲು. 2017ರ ಡಿಸೆಂಬರ್‌ನಲ್ಲಿ ಸಾಂಪ್ಡೋರಿಯಾ ವಿರುದ್ಧ 116ನೇ ಗೋಲು ಹೊಡೆದು, ಕ್ಲಬ್‌ಗೆ ಅತಿ ಹೆಚ್ಚು ಗೋಲು ಹೊಡೆದ ಮರಡೋನಾ ದಾಖಲೆ ದಾಟಿದರು. ನಾಪೊಲಿಗೆ ಲೀಗ್ ಪಟ್ಟ ಮಾತ್ರ ಅವರ ಕಾಲದಲ್ಲಿ ಬರಲಿಲ್ಲ. ಆದರೂ ಆ ಜನ ಇವತ್ತಿಗೂ ಕೋಳಿ ಜುಟ್ಟಿನ ಕೂದಲಿನ ಹಳೇ ಫೋಟೋ ಹಾಕುತ್ತಾರೆ. ಕೆಳಗೆ 'ಮರೆಕಿಯಾರೊ' ಅಂತಷ್ಟೇ ಇರುತ್ತದೆ. ಇನ್ನು ಕೆಲವರು ಅವರ ಜೆರ್ಸಿ ನಂಬರ್ 17 ಹಾಕಿ, ಒಂದು ನೀಲಿ ಹೃದಯ ಇಟ್ಟು ಬಿಡುತ್ತಾರೆ. ಇದನ್ನು ಯಾವ ಟೂಲ್ ಹಿಡಿದೀತು ಹೇಳಿ?

ಮೂರು ದಿನ ಹಿಡಿಯಿತು. ಹೊಸ ರಿಪೋರ್ಟ್‌ನಲ್ಲಿ ಹಮ್ಶೀಕ್ ಪಟ್ಟಿಯ ಮೇಲಿನ ಅರ್ಧಕ್ಕೆ ಬಂದರು. ಹಿಂದಿನ ಸಂಖ್ಯೆ ಯಾಕೆ ತಪ್ಪಾಗಿತ್ತು ಅಂತ ಕ್ಲೈಂಟ್‌ಗೆ ನಾನೇ ಮೇಲ್ ಬರೆದೆ. ಈಗ ಯಾವ ಹೆಸರು ಬಂದರೂ, ಟೂಲ್ ತೆರೆಯುವ ಮೊದಲು ಆ ಊರಿನವರು ಬರೆದ ಐವತ್ತು ಪೋಸ್ಟ್ ಓದುತ್ತೇನೆ. ಅದಕ್ಕೆ ಮೇಡಂ ಅರ್ಧ ದಿನ ಬಿಟ್ಟುಕೊಟ್ಟಿದ್ದಾರೆ.